ಮೊಳೆ ಹೊಡೆಯದ ಮಾವಶಿ

ಆಕೆಯ ಬಲಗೈ ಕಿರುಬೆರಳಿನ ಬುಡದಲ್ಲಿ ಒಂದು ತಗ್ಗು ಇತ್ತು. ಗಾಯದ ಗುರುತಲ್ಲ. ಬಾವಿಯ ಕಟ್ಟೆಯ ಕಲ್ಲಿಗೆ ಹಗ್ಗ ಉಜ್ಜಿ ಉಜ್ಜಿ ಗೀರು ಬೀಳುತ್ತದಲ್ಲ, ಅಂಥದ್ದು. ಚರ್ಮದ ದಾರವನ್ನು ಆ ಬೆರಳಿಗೆ ಸುತ್ತಿ ಎಳೆದೂ ಎಳೆದೂ ಬಿದ್ದ ತಗ್ಗು. ಅದರಲ್ಲಿ ಔಡಲೆಣ್ಣೆ ಯಾವಾಗಲೂ ಮಿನುಗುತ್ತಿತ್ತು. ಚಹಾದ ಬಸಿ ಹಿಡಿದಾಗ ಉಳಿದ ಬೆರಳೆಲ್ಲ ಮಡಚುತ್ತಿದ್ದವು, ಅದೊಂದು ಮಾತ್ರ ನೆಟ್ಟಗೆ ನಿಲ್ಲುತ್ತಿತ್ತು. "ಇದು ನನ್ನ ಮಾತ ಕೇಳಂಗಿಲ್ಲೋ ತಮ್ಮಾ, ಚಪ್ಪಲಿ ಮಾತಷ್ಟ ಕೇಳ್ತೈತಿ" ಎಂದು ನಗುತ್ತಿದ್ದಳು.

ಅಥಣಿಯಲ್ಲಿ ಚಪ್ಪಲಿ ಮಾಡುವವರ ಓಣಿಯೊಂದರಲ್ಲಿ ಆಕೆಯ ಮನೆ. ನಾನು ಮಾವಶಿ, ಅಂದರೆ ಚಿಕ್ಕವ್ವ, ಎಂದು ಕರೆಯುತ್ತಿದ್ದೆ. ರಕ್ತ ಸಂಬಂಧವೇನೂ ಇಲ್ಲ. ನಮ್ಮದು ರಾಯಬಾಗ ತಾಲೂಕಿನ ಅಲಖನೂರ, ಕುರಿ ಕಾಯುವ ಮನೆ. ಆಕೆಯ ಹತ್ತಿರ ನಾನು ಮೊದಲು ಹೋಗಿದ್ದು ಹರಿದ ಬೂಟು ಹಿಡಿದುಕೊಂಡು.

ಬೂಟಿನ ಕಥೆ ಸ್ವಲ್ಪ ಹೇಳಬೇಕು. ನಾನು ಶಾಲೆಗೆ ಸೇರಿದ್ದು ಹತ್ತು ವರ್ಷ ತುಂಬಿದ ಮೇಲೆ. ಅಲ್ಲಿಯವರೆಗೆ ಕುರಿಗಳ ಹಿಂದೆ ಬರಿಗಾಲಲ್ಲಿ ತಿರುಗಿದವನು. ಹಾಗಾಗಿ ನನ್ನ ಪಾದ ಅಗಲ, ಬೆರಳುಗಳು ಬಿಡಿಬಿಡಿ. ಮುಂದೆ ಕ್ರಿಕೆಟ್ ಹುಚ್ಚು ಹಿಡಿದು ವೇಗದ ಬೌಲಿಂಗ್ ಮಾಡತೊಡಗಿದಾಗ ಅಂಗಡಿಯ ಯಾವ ಬೂಟೂ ನನ್ನ ಕಾಲಿಗೆ ಮೂರು ವಾರಕ್ಕಿಂತ ಹೆಚ್ಚು ಬಾಳುತ್ತಿರಲಿಲ್ಲ. ಪಕ್ಕದಲ್ಲಿ ಒಡೆಯುತ್ತಿತ್ತು. ರಾಯಬಾಗ ಬಸ್‌ಸ್ಟ್ಯಾಂಡಿನಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದವನು ಮೂರು ಸಲ ಹೊಲಿದುಕೊಟ್ಟು ನಾಲ್ಕನೆಯ ಸಲ ಬೂಟನ್ನು ವಾಪಸ್ಸು ಕೊಟ್ಟ. "ಇದು ನನ್ನ ಕಡಿಂದ ಆಗೂದಲ್ಲಪಾ. ಅಥಣ್ಯಾಗ ನಮ್ಮ ದೊಡ್ಡವ್ವ ಒಬ್ಬಾಕಿ ಅದಾಳ. ಆಕಿ ಮೊಳಿ ಹೊಡಿಯಂಗಿಲ್ಲ, ಗಮ್ಮ ಹಚ್ಚಂಗಿಲ್ಲ. ಆಕಿ ಹೊಲದದ್ದ ಬಿಚ್ಚಂಗಿಲ್ಲ ನೋಡ" ಎಂದ.

ಕೃಷ್ಣಾ ನದಿಯ ಸೇತುವೆ ದಾಟಿ ಬಸ್ಸಿನಲ್ಲಿ ಹೋದೆ. ಮಾವಶಿ ಬಾಗಿಲಲ್ಲಿ ಕೂತು ಒದ್ದೆ ಚರ್ಮವನ್ನು ಕಲ್ಲಿನ ಮೇಲಿಟ್ಟು ಬಡಿಯುತ್ತಿದ್ದಳು. ಬೂಟನ್ನು ನೋಡಲೇ ಇಲ್ಲ.

"ಕಾಲ ತಗಿ."

"ಬೂಟ ಹರದೈತ್ರಿ ಮಾವಶಿ."

"ಬೂಟ ಕೇಳಿಲ್ಲೋ, ಕಾಲ ಕೇಳೇನಿ. ಬೂಟ ಏನ ತಾನಾಗೇ ಹರಕೊಂತೈತೇನ?"

ಕಾಲು ಚಾಚಿದೆ. ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಅದನ್ನು ಒತ್ತಿದಳು. ನಾನು ಹಾ ಎಂದೆ. ಬಲಗಾಲಿನ ಹಿಮ್ಮಡಿಗೆ ಬೆರಳಿನಿಂದ ತಟ್ಟಿದಳು. ಆಮೇಲೆ ಬೂಟು ಎತ್ತಿ ಅಡಿ, ಮೂತಿ ನೋಡಿದಳು.

"ಎಡಗಾಲ ಮ್ಯಾಲ ಜಗ್ಗಿ ಬೀಳ್ತಿ. ಬಲಗಾಲ ಎಳಕೋತ ಬರ್ತಿ. ಏನ ಕೆಲಸ ಮಾಡ್ತೀಪಾ? ಗ್ವಾಡಿ ಒದಿತೀ ಏನ?"

ಸೊಸೆ ಒಳಗಿಂದ ಕಿಸಕ್ಕೆಂದು ನಕ್ಕಳು. ಅತ್ತೆ ಸೊಸೆ ಇಬ್ಬರೇ ಆ ಮನೆಯಲ್ಲಿ. ಸೊಸೆ ಚಪ್ಪಲಿಯ ಮೇಲಿನ ಹೆಣಿಗೆ ಹೆಣೆಯುತ್ತಿದ್ದಳು, ಅಡಿಯ ಹೊಲಿಗೆ ಅತ್ತೆಯದು. ನಾನು ಬೌಲಿಂಗ್ ಮಾಡುವುದನ್ನು ಅಂಗಳದಲ್ಲೇ ಓಡಿ ತೋರಿಸಿದೆ. ಮಾವಶಿ ನನ್ನ ಕೈ ನೋಡಲಿಲ್ಲ, ಕಾಲನ್ನೇ ನೋಡಿದಳು. ಎರಡು ಸಲ ಓಡಿಸಿದಳು.

"ಕುದರಿಗತೆ ಓಡ್ತಿ. ಖರೆ ಕಡಿಗೆ ಯಾಕ ಹಂಗ ಬೀಳ್ತಿ?"

ಅಂದಿನಿಂದ ನಾನು ಆಕೆಗೆ ಕುದರಿ. ಗಿರಾಕಿಗಳ ಪಾದವನ್ನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡು ತೊಲೆಗೆ ಸಿಕ್ಕಿಸುವುದು ಆಕೆಯ ರೂಢಿ. ಅಕ್ಷರ ಬರುತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಗುರುತು ಹಾಕುತ್ತಿದ್ದಳು. ಗಿರಣಿಯವನದ್ದಕ್ಕೆ ಒಂದು ಸುತ್ತು, ಹಾಲಿನವನದ್ದಕ್ಕೆ ಒಂದು ಕೊಂಬು. ನನ್ನ ಹಾಳೆಯ ಮೇಲೆ ನಾಲ್ಕು ಕಾಲಿನ ಒಂದು ಪ್ರಾಣಿ. ಕುದುರೆ ಎಂದು ಆಕೆ ಹೇಳಿದ್ದರಿಂದ ಗೊತ್ತಾಗಬೇಕು, ನೋಡಿದರೆ ಮಂಚದ ಹಾಗಿತ್ತು.

ಬೂಟಿನ ಪಕ್ಕಕ್ಕೆ ಎಮ್ಮೆ ಚರ್ಮದ ಪಟ್ಟಿ ಹಾಕಿದಳು. ಬಲಗಾಲಿನ ಮೂತಿಗೆ ಇನ್ನೊಂದು. ಎಡಗಾಲಿನ ಹೆಬ್ಬೆರಳಿನ ಮುಂದೆ ಕಾಸಿನಗಲ ತೂತು ಕೊರೆದಳು. ನಾನು ಗಾಬರಿಯಾದೆ.

"ಇಷ್ಟ ದಿನಾ ಆ ಬೆರಳು ಬಾಗಲಾ ಬಡಿಯಾಕತ್ತಿತ್ತು," ಎಂದಳು. "ಬಾಗಲಾ ತಗದೇನಿ. ಹೋಗ."

ದೊಡ್ಡ ದೊಡ್ಡ ವೇಗದ ಬೌಲರುಗಳು ಹಾಗೇ ಬೂಟಿಗೆ ತೂತು ಕೊರೆದುಕೊಳ್ಳುತ್ತಾರೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಕ್ರಿಕೆಟ್ಟನ್ನು ಒಂದು ಸಲವೂ ನೋಡದ ಹೆಂಗಸು ಕಾಲು ಹಿಚುಕಿ ಅದನ್ನು ಕಂಡುಕೊಂಡಿದ್ದಳು.

ಆಮೇಲೆ ಏಳೆಂಟು ವರ್ಷ ನಾನು ಹೋಗುತ್ತಲೇ ಇದ್ದೆ. ಚಿಕ್ಕೋಡಿಯಲ್ಲಿ, ನಿಪ್ಪಾಣಿಯಲ್ಲಿ, ಕಾಗವಾಡದಲ್ಲಿ ಎಲ್ಲೇ ಆಡಿದರೂ ಬೂಟು ಒಡೆದರೆ ಅಥಣಿ ಬಸ್ಸು. ಆಕೆ ಕೆಲಸ ಮಾಡುತ್ತ ಮಾತಾಡುತ್ತಿದ್ದಳು. ಅರ್ಧ ಕನ್ನಡ, ಅರ್ಧ ಮರಾಠಿ. ಸಿಟ್ಟು ಬಂದರೆ ಪೂರಾ ಮರಾಠಿ. ಆಕೆಯ ಮನೆಯಲ್ಲಿ ಸುತ್ತಿಗೆ ಇರಲಿಲ್ಲ. ಬಡಿಯಲಿಕ್ಕೆ ಕಲ್ಲು, ಕೊಯ್ಯಲಿಕ್ಕೆ ರಂಪಿಗೆ, ಚುಚ್ಚಲಿಕ್ಕೆ ಆರಿ. ಇಷ್ಟೇ. ಸಣ್ಣ ಮೊಳೆ ಹೊಡೆದು ಅಡಿ ಕೂರಿಸುವವರ ಬಗ್ಗೆ ಮಾತು ಬಂದರೆ ಮುಖ ಹುಳ್ಳಗೆ ಮಾಡುತ್ತಿದ್ದಳು. "ಚರ್ಮಕ್ಕ ಚರ್ಮನ ಹಿಡಕೋಬೇಕು. ಕಬ್ಬಣಾ ಹಿಡದ್ರ ಅದು ಜೇಲು." ನನ್ನ ಬೂಟಿನ ಅಡಿಯಲ್ಲಿ ನೆಲ ಕಚ್ಚುವ ಹನ್ನೊಂದು ಕಬ್ಬಿಣದ ಮೊಳೆಗಳಿರುವುದನ್ನು ಸೊಸೆ ತೋರಿಸಿದರೆ, "ಅವು ಬೂಟಿನ ಮೊಳಿ ಅಲ್ಲವಾ, ನೆಲದ ಮೊಳಿ" ಎಂದು ತಿರುಗಿಸಿಬಿಡುತ್ತಿದ್ದಳು.

ಆಕೆಯ ಚಪ್ಪಲಿಗಳನ್ನು ನಿಪ್ಪಾಣಿಯ ವ್ಯಾಪಾರಿ ಸೇಠ ಒಬ್ಬ ಒಯ್ಯುತ್ತಿದ್ದ. ಮೊಳೆ ಇಲ್ಲದ್ದು, ಕೈ ಹೊಲಿಗೆ ಎಂದು ಹೇಳಿಯೇ ಮಾರುತ್ತಿದ್ದ. ಕೊಲ್ಹಾಪುರದವರೆಗೂ ಹೋಗುತ್ತಿದ್ದವಂತೆ. ತನ್ನ ಹೊಲಿಗೆ ಎಲ್ಲೆಲ್ಲಿ ನಡೆದಾಡುತ್ತಿದೆ ಎಂದು ಆಕೆಗೆ ಲೆಕ್ಕವಿರಲಿಲ್ಲ, ಆದರೆ ಒಂದು ಜೋಡೂ ಹೊಲಿಗೆ ಬಿಚ್ಚಿ ವಾಪಸ್ಸು ಬಂದಿಲ್ಲ ಎಂಬುದು ಮಾತ್ರ ಗೊತ್ತಿತ್ತು. ಆಕೆಯ ಹತ್ತಿರ ಇದ್ದ ಹೆಸರು ಅದೊಂದೇ.

ನನಗೆ ಇಪ್ಪತ್ತಾರು ತುಂಬಿ ಇಪ್ಪತ್ತೇಳು ನಡೆಯುತ್ತಿದ್ದಾಗ ರಣಜಿಗೆ ಕರೆ ಬಂತು.

ಇದು ಹೇಳಿದಷ್ಟು ಸುಲಭಕ್ಕೆ ಬಂದದ್ದಲ್ಲ. ತಡವಾಗಿ ಶಾಲೆ ಸೇರಿದವನು ನಾನು, ಚಿಕ್ಕ ವಯಸ್ಸಿನವರ ತಂಡಗಳು ಯಾವುದರಲ್ಲೂ ಆಡಲು ಆಗಿರಲಿಲ್ಲ. ಎರಡು ವರ್ಷ ರಾಜ್ಯ ತಂಡದವರಿಗೆ ನೆಟ್ಸ್‌ನಲ್ಲಿ ಬೌಲಿಂಗ್ ಮಾಡಿದೆ. ಮೂರನೆಯ ವರ್ಷ ಹದಿನೈದು ಜನರ ಪಟ್ಟಿಯಲ್ಲಿ ಕೊನೆಯ ಹೆಸರು ನನ್ನದು. ಈ ಸೀಸನ್ ಆಡದಿದ್ದರೆ ಇನ್ನು ಇಲ್ಲ ಎಂದು ನನಗೂ ಗೊತ್ತಿತ್ತು, ಆಯ್ಕೆ ಮಾಡಿದವರಿಗೂ ಗೊತ್ತಿತ್ತು. ಹಿಂದೆ ಇಪ್ಪತ್ತು ವರ್ಷದ ಹುಡುಗರು ಸಾಲಾಗಿ ನಿಂತಿದ್ದರು.

ಮಾವಶಿಗೆ ಹೇಳಲು ಹೋದೆ. ರಾಜ್ಯ ರಾಜ್ಯಗಳ ನಡುವಿನ ಆಟ, ನಾಲ್ಕು ದಿನ ನಡೆಯುತ್ತದೆ ಎಂದೆ.

"ನಾಕ ದಿನಾ? ಆಮ್ಯಾಲ ಯಾರ ಗೆಲ್ತಾರ?"

"ಒಮ್ಮೊಮ್ಮೆ ಯಾರೂ ಗೆಲ್ಲಂಗಿಲ್ಲ ಮಾವಶಿ."

"ನಾಕ ದಿನಾ ಉಂಡ, ಕುಂತ, ಎದ್ದ, ಕಡಿಗೆ ಏನೂ ಆಗಲಿಲ್ಲ ಅಂತ ಎದ್ದ ಹೋಗೂದು? ಇದು ನಮ್ಮ ಮಂದಿ ಲಗ್ನದ ಮಾತುಕತಿ ಇದ್ದಂಗೈತಲ್ಲೋ!"

ನಕ್ಕು ನಕ್ಕು ಸುಸ್ತಾದೆವು. ಆಮೇಲೆ ಆಕೆ ನನ್ನ ಹರಿದ ಬೂಟನ್ನು ತಿರುವಿ ತಿರುವಿ ನೋಡಿದಳು. "ಅಷ್ಟ ದೊಡ್ಡ ಆಟಕ್ಕ ಇದನ್ನ ಹಾಕ್ಕೊಂಡ ಹೋಗ್ತಿ? ತ್ಯಾಪಿ ಮ್ಯಾಲ ತ್ಯಾಪಿ. ತಡಿ, ನಾ ಒಂದ ಜೋಡ ಮಾಡ್ತೀನಿ."

ಹನ್ನೆರಡು ದಿನ ತೆಗೆದುಕೊಂಡಳು. ಹಳೆಯ ಬೂಟಿನ ಮೊಳೆಯ ಅಡಿಯನ್ನಷ್ಟೇ ಉಳಿಸಿಕೊಂಡು ಮೇಲೆಲ್ಲ ತನ್ನ ಚರ್ಮ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ, ಬೆಲ್ಲದ ಬಣ್ಣ. ಅಡಿಗೂ ಮೇಲಕ್ಕೂ ಎರಡು ಸಾಲು ಹೊಲಿಗೆ. ಕಾಲಿಗೆ ಹಾಕಿಕೊಂಡರೆ ಬರಿಗಾಲಲ್ಲಿ ಕುರಿ ಹಿಂದೆ ಹೋದಷ್ಟು ಹಗುರ. ಕೊಡುವಾಗ ಬೂಟನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು: "ಎಂಟ ದಿನಕ್ಕೊಮ್ಮೆ ಎಣ್ಣಿ ಹಚ್ಚು. ನೆರಳಾಗ ಇಡು. ಬೆಂಕಿ ಮುಂದ ಒಯ್ಯಬ್ಯಾಡ. ಸಾಬೂನ ಅಂತೂ ಮುಟ್ಟಸಬ್ಯಾಡ. ಎಣ್ಣಿ ಹೋತು ಅಂದ್ರ ದಾರ ಸತ್ತಂಗ. ಕೇಳಸ್ತಿಲ್ಲೋ ಕುದರಿ?"

"ಕೇಳಸ್ತು ಮಾವಶಿ."

ಕೇಳಿಸಿತ್ತು. ಚೆನ್ನಾಗಿಯೇ ಕೇಳಿಸಿತ್ತು.

ಸೀಸನ್ ಶುರುವಾಯಿತು. ಒಂದಾದ ಮೇಲೊಂದು ಊರು. ನಾನು ನೀರು ಒಯ್ಯುತ್ತಿದ್ದೆ, ಗ್ಲೌಸ್ ಒಯ್ಯುತ್ತಿದ್ದೆ, ನೆಟ್ಸ್‌ನಲ್ಲಿ ಬೌಲಿಂಗ್ ಮಾಡುತ್ತಿದ್ದೆ. ಪ್ರತಿ ಪಂದ್ಯದ ಮೊದಲ ದಿನ ಹನ್ನೊಂದು ಹೆಸರು ಓದುತ್ತಿದ್ದರು. ಹತ್ತನೆಯದು ಬರುವವರೆಗೆ ಉಸಿರು ಹಿಡಿದಿರುತ್ತಿದ್ದೆ. ಹನ್ನೊಂದನೆಯದು ಬೇರೆಯವರದು. ಆ ದಿನ ಸಂಜೆ, ಆಟ ಮುಗಿದು ನಮ್ಮ ಫೋನು ವಾಪಸ್ಸು ಕೊಟ್ಟ ಹೊತ್ತಿಗೆ, ಮಾವಶಿಯ ಫೋನ್ ತಪ್ಪದೆ ಬರುತ್ತಿತ್ತು, ಸೊಸೆಯ ನಂಬರಿನಿಂದ.

"ಆಡಸಿದ್ರೇನ?"

"ಇಲ್ಲ ಮಾವಶಿ."

"ಬೂಟಿಗೆ ಎಣ್ಣಿ ಹಚ್ಚೀ?"

"ಹಚ್ಚೇನಿ."

"ಹಂಗಾರ ಮುಂದಿನ ವಾರ ಆಡಸ್ತಾರ ಬಿಡು."

ಐದು ಪಂದ್ಯ ಹೀಗೇ ಹೋಯಿತು. ಆರನೆಯದಕ್ಕೆ ನನಗೆ ಊಟ ಸೇರದಂತಾಗಿತ್ತು. ಫೋನ್ ಎತ್ತಿ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಆಕೆಗೆ ಗೊತ್ತಾಯಿತೇನೋ, ಏಳನೆಯ ಪಂದ್ಯಕ್ಕೆ ಆಡಿಸಿದರೇನು ಎಂದು ಕೇಳಲಿಲ್ಲ. ಎಣ್ಣೆ ಹಚ್ಚಿದೆಯಾ ಎಂದಷ್ಟೇ ಕೇಳಿದಳು.

ಕೊನೆಯ ಲೀಗ್ ಪಂದ್ಯ ನಮ್ಮದೇ ರಾಜ್ಯದ ಒಂದು ಊರಿನಲ್ಲಿತ್ತು. ಹಿಂದಿನ ದಿನ ಅಭ್ಯಾಸದಲ್ಲಿ ಒಬ್ಬ ಬೌಲರನ ಪಕ್ಕೆ ಹಿಡಿಯಿತು, ಇನ್ನೊಬ್ಬನಿಗೆ ಆಗಲೇ ಜ್ವರ. ಮ್ಯಾನೇಜರ್ ಬಂದು ಹೆಗಲ ಮೇಲೆ ಕೈ ಇಟ್ಟರು. "ನಾಳೆ ನೀನು ಆಡ್ತೀಯ. ರೆಡಿ ಇರು." ಆಮೇಲೆ ನನ್ನ ಕಾಲು ನೋಡಿದರು. "ಏನಪ್ಪ ಇದು? ನೆಟ್ಸ್‌ಗೆ ಏನಾದ್ರೂ ಹಾಕ್ಕೋ. ಮ್ಯಾಚಿಗೆ ಬಿಳಿ ಬೂಟೇ ಬೇಕು."

ಅವರು ತಪ್ಪೇನೂ ಹೇಳಲಿಲ್ಲ, ನಿಯಮ ಇರುವುದೇ ಹಾಗೆ. ಆದರೆ ಪಕ್ಕದಲ್ಲಿದ್ದ ಹುಡುಗನೊಬ್ಬ, "ಸರ್, ಅದು ಕೊಲ್ಹಾಪುರಿ ಬೂಟು, ನಾಳೆ ಟೋಪಿ ಬದಲು ಪಟಕಾ ಸುತ್ಕೊಂಡು ಬರ್ತಾನೆ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಚೀಲದಲ್ಲಿ ಅಂಗಡಿಯ ಬಿಳಿ ಬೂಟು ಒಂದು ಜೊತೆ ಇತ್ತು, ಆದರೆ ಅದು ಪಕ್ಕದಲ್ಲಿ ಒಡೆದಿತ್ತು. ಅದನ್ನು ಹಾಕಿಕೊಂಡರೆ ಹತ್ತು ಓವರಿನಲ್ಲಿ ಕಾಲು ರಕ್ತವಾಗುತ್ತಿತ್ತು.

ಸಂಜೆ ಹೋಟೆಲಿನಲ್ಲಿ ಮಾವಶಿಯ ಬೂಟಿಗೆ ಬಿಳಿ ಬಣ್ಣ ಹಚ್ಚಲು ಕೂತೆ. ಹಿಡಿಯಲಿಲ್ಲ. ನಾಲ್ಕು ತಿಂಗಳಿಂದ ಹಚ್ಚಿದ ಎಣ್ಣೆ, ಬಣ್ಣ ಹನಿಹನಿಯಾಗಿ ಜಾರಿ ಹೋಗುತ್ತಿತ್ತು. ಮೊದಲು ಅರಿವೆಯಿಂದ ಒರೆಸಿದೆ. ಆಮೇಲೆ ಬಚ್ಚಲಿಗೆ ಒಯ್ದೆ. ಹೋಟೆಲಿನವರು ಇಟ್ಟಿದ್ದ ಸಾಬೂನು ಹಚ್ಚಿ, ಬಿಸಿ ನೀರು ಬಿಟ್ಟು, ಬಟ್ಟೆ ಒಗೆಯುವ ಬ್ರಷ್ಷಿನಿಂದ ತಿಕ್ಕಿದೆ. ಬೆಲ್ಲದ ಬಣ್ಣದ ನೀರು ಹರಿದುಹೋಯಿತು. ಚರ್ಮ ಬಿಳಿಚಿಕೊಳ್ಳುವವರೆಗೆ ತಿಕ್ಕಿದೆ. ಕೂದಲು ಒಣಗಿಸುವ ಯಂತ್ರ ಗೋಡೆಯಲ್ಲಿತ್ತು, ಅದರ ಬಿಸಿ ಗಾಳಿ ಹಿಡಿದೆ. ಬಣ್ಣ ಹಚ್ಚಿದೆ, ಮತ್ತೆ ಬಿಸಿ ಗಾಳಿ. ಬೂಟು ಬೆಳ್ಳಗಾಯಿತು. ಕೈಯಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿದರೆ ಹೊಲಿಗೆಯಿಂದ ಕಟ್ ಎಂದು ಸದ್ದು ಬಂತು, ಒಣಗಿದ ಜೋಳದ ದಂಟು ಮುರಿದ ಹಾಗೆ.

ಆ ಸದ್ದು ನಾನು ಕೇಳಿದೆ. ಕೇಳಿಯೂ ಬೂಟನ್ನು ಚೀಲದಲ್ಲಿಟ್ಟೆ. ಎಣ್ಣೆ ಹಚ್ಚಿದರೆ ಬಣ್ಣ ಹೋಗುತ್ತಿತ್ತು.

ಮರುದಿನ ನಮ್ಮದೇ ಬೌಲಿಂಗ್. ಹುಲ್ಲಿನ ಮೇಲೆ ಇನ್ನೂ ಇಬ್ಬನಿ. ನನ್ನ ಎರಡನೆಯ ಓವರಿನಲ್ಲಿ ಒಬ್ಬನ ಆಫ್ ಸ್ಟಂಪ್ ಎದ್ದು ಬಿತ್ತು. ಹಿಂದಿನ ದಿನ ನಕ್ಕವರೆಲ್ಲ ಓಡಿ ಬಂದು ತಬ್ಬಿಕೊಂಡರು. ರಣಜಿಯಲ್ಲಿ ನನ್ನ ಹೆಸರಿಗೆ ಇರುವ ಒಂದೇ ಒಂದು ವಿಕೆಟ್ಟು ಅದು. ನಾಲ್ಕನೆಯ ಓವರಿನಲ್ಲಿ ಎಡಗಾಲು ಊರಿದೆ, ಬೂಟಿನ ಅಡಿ ನೆಲದಲ್ಲೇ ಉಳಿಯಿತು, ಕಾಲು ಮುಂದಕ್ಕೆ ಹೋಯಿತು. ಪಾದದ ಕೀಲಿನಿಂದ ಬಂದ ಸದ್ದೂ ಹಿಂದಿನ ಸಂಜೆಯ ಸದ್ದಿನಂಥದ್ದೇ. ಹುಲ್ಲಿನ ಮೇಲೆ ಬಿದ್ದುಕೊಂಡು ನೋಡಿದರೆ ಬಿಳಿ ಬೂಟು ಬಾಯಿ ತೆರೆದಿತ್ತು.

ಗೆರೆಯ ಆಚೆ ಎತ್ತಿಕೊಂಡು ಬಂದರು. ಮ್ಯಾನೇಜರ್ ಬಗ್ಗಿ, "ಏನಾಯ್ತೋ? ಕಾಲು ಮೊದಲೇ ನೋವಿತ್ತಾ? ನಮಗೆ ಹೇಳಿಲ್ವಾ?" ಎಂದರು. ನೋವು ಮುಚ್ಚಿಟ್ಟು ಆಡಿದವನನ್ನು ಮತ್ತೆ ಕರೆಯುವುದಿಲ್ಲ ಎಂದು ನಾನು ಕೇಳಿದ್ದೆ. ಜೋರಾಗಿ ಹೇಳಿದೆ: "ಕಾಲೇನೂ ಆಗಿದ್ದಿಲ್ರಿ ಸರ. ಬೂಟ ಅಥಣಿ ಮುದಕಿ ಒಬ್ಬಾಕಿ ಹೊಲದಿದ್ಲ್ರಿ. ಆಕಿ ಹೊಲಗಿ ಬಿಚ್ಚೇತ್ರಿ. ನಂದೇನ ತಪ್ಪಿಲ್ರಿ."

ಮಾವಶಿ ಎಂದು ಬಾಯಿಗೆ ಬರಲಿಲ್ಲ. ಮುದುಕಿ ಎಂದೆ.

ಆಟ ನೋಡಲು ಬಂದವರು ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ಬಾಯಿ ತೆರೆದ ಬೂಟು, ಪಕ್ಕದಲ್ಲಿ ನನ್ನ ಮಾತು. ನನ್ನ ಕಾಲಿಗೆ ಪ್ಲಾಸ್ಟರ್ ಒಣಗುವುದರೊಳಗೆ ಅದು ಚಿಕ್ಕೋಡಿ, ನಿಪ್ಪಾಣಿ, ಅಥಣಿ ಎಲ್ಲ ಕಡೆ ತಿರುಗಿತು. ಕೆಳಗೆ ನಗುವಿನ ಗುರುತು ಹಾಕಿ ಕಳಿಸುತ್ತಿದ್ದರು. ಆ ದಿನ ಸಂಜೆ ಮಾವಶಿಯ ಫೋನ್ ಬರಲಿಲ್ಲ.

ಮೂರು ತಿಂಗಳು ನಾನು ಅಥಣಿಯ ಕಡೆ ಮುಖ ಹಾಕಲಿಲ್ಲ. ಬೇಸಿಗೆಯಲ್ಲಿ ಕೋಲು ಊರಿಕೊಂಡು, ಆ ಬೂಟನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಓಣಿ ತಿರುಗುತ್ತಿದ್ದಂತೆ ಟಕ್ ಟಕ್ ಎಂದು ಸದ್ದು. ಬೇರೆ ಯಾರದೋ ಮನೆ ಇರಬೇಕು ಎಂದುಕೊಂಡೆ. ಆಕೆಯ ಮನೆಯಿಂದಲೇ ಬರುತ್ತಿತ್ತು. ಸೊಸೆ ರಬ್ಬರ್ ಅಡಿಗೆ ಸಣ್ಣ ಸಣ್ಣ ಮೊಳೆ ಹೊಡೆಯುತ್ತಿದ್ದಳು. ಮಾವಶಿ ಅವಳಿಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಹಾಕಿ ಕೂತಿದ್ದಳು. ಕೈಯಲ್ಲಿ ಕೆಲಸವಿರಲಿಲ್ಲ. ಕಿರುಬೆರಳಿನ ತಗ್ಗು ಒಣಗಿ ಬಿಳಿಯಾಗಿತ್ತು.

ಸೊಸೆ ನನ್ನನ್ನು ನೋಡಿ ಸುತ್ತಿಗೆ ನಿಲ್ಲಿಸಲಿಲ್ಲ. "ಬರ್ರಿ ಅಣ್ಣಾರ. ಬೂಟ ಹೊಲಸಾಕ ಬಂದೀರೇನ? ಈಗ ನಾವು ಹೊಲ್ಯಾಂಗಿಲ್ರಿ, ಬಡಿತೀವಿ. ನಿಪ್ಪಾಣಿ ಸೇಠ ನಿಮ್ಮ ಮಾತ ಫೋನಿನ್ಯಾಗ ಕೇಳಿ ಹೇಳ್ಯಾನ, ಅತ್ತಿ ಹೊಲಗಿ ಬ್ಯಾಡಂತ."

"ಬಾಯಿ ಮುಚ್ಚಬೇ," ಎಂದಳು ಮಾವಶಿ ತಿರುಗದೆ. "ಬಂದಾವ್ಗ ಚಾ ಇಡ ಹೋಗ."

ಸೊಸೆ ಒಳಗೆ ಹೋದಳು. ನಾನು ಚೀಲದಿಂದ ಬೂಟು ತೆಗೆದು ಮುಂದಿಟ್ಟೆ. ಮಾವಶಿ ಬೂಟನ್ನು ಎತ್ತಿಕೊಂಡಳು. ಬಿಚ್ಚಿದ ದಾರವನ್ನು ಎರಡು ಬೆರಳಲ್ಲಿ ಹಿಸುಕಿದಳು, ಪುಡಿಯಾಯಿತು. ಬೂಟನ್ನು ಮೂಗಿಗೆ ಹಿಡಿದಳು. ಹಾಗೇ ಹಿಡಿದುಕೊಂಡು ಕೂತಳು. ಒಳಗಿನವಳಿಗೆ ಕೇಳಿಸದ ಹಾಗೆ ಮೆಲ್ಲಗೆ ಅಂದಳು:

"ಸಾಬೂನ ಚೊಲೋ ಐತಲ್ಲೋ. ಯಾವ ಹಾಟೇಲಿಂದು?"

ನಾನು ಕೋಲನ್ನು ಗೋಡೆಗೆ ಒರಗಿಸಿದೆ.

"ಮುಂದಿನ ವರ್ಸ ಮತ್ತ ಕರಿತಾರೇನ?"

"ಗೊತ್ತಿಲ್ಲ ಮಾವಶಿ."

"ಬೂಟಿನ ತಪ್ಪ ಅಂದ್ರ ಕರಿತಾರ. ನಿನ್ನ ತಪ್ಪ ಅಂದ್ರ ಕರಿಯಂಗಿಲ್ಲ. ಹೌದಿಲ್ಲೋ?"

ನಾನು ತಲೆ ಆಡಿಸಿದೆ.

"ಹಂಗಾರ ಬೂಟಿಂದ ಇರಲಿ."

ಸೊಸೆ ಚಹಾ ತಂದು, ಬಸಿಯನ್ನು ಸದ್ದಾಗುವಂತೆ ಇಟ್ಟು, "ಏನ ಕಾಣಸ್ತು ಅತ್ತಿ? ಯಾಕ ಬಿಚ್ಚಿತಂತ?" ಎಂದಳು. ಮಾವಶಿ ಬೂಟನ್ನು ತನ್ನ ಹಿಂದಕ್ಕೆ ಇಟ್ಟುಕೊಂಡು ಹೇಳಿದಳು: "ಕೈ ಹಳೀದಾತವಾ. ದಾರ ಸಡ್ಲ ಎಳದಿದ್ದೆ ಕಾಣ್ತದ."

ಆಗ ನಾನು ನಿಜ ಹೇಳಬಹುದಿತ್ತು. ಇಬ್ಬರೇ ಇದ್ದರು, ನಾಲ್ಕು ಮಾತು ಸಾಕಿತ್ತು. ನಾನು ಚಹಾ ಕುಡಿದೆ. ಮಾವಶಿ ನನ್ನ ಬಾತ ಕಾಲನ್ನು ಎಳೆದುಕೊಂಡು ಕ್ಯಾಲೆಂಡರ್ ಹಾಳೆಯ ಮೇಲಿಟ್ಟು ಹೊಸದಾಗಿ ಅಳತೆ ಬರೆದಳು. ತಿಂಗಳ ಮೇಲೆ ಒಂದು ಜೊತೆ ಚಪ್ಪಲಿ ಕಳಿಸಿದಳು, ಎಡಗಾಲಿನದು ಒಂದು ಬೆರಳು ಅಗಲ. ಆ ಮನೆಯಲ್ಲಿ ಆಕೆ ಕೊನೆಗೆ ಹೊಲಿದದ್ದು ಅದೇ ಎಂದು ಆಗ ನನಗೆ ಗೊತ್ತಿರಲಿಲ್ಲ.

ಮುಂದಿನ ಸೀಸನ್ನಿಗೆ ಪಟ್ಟಿ ಬಂತು. ಹದಿನೈದು ಹೆಸರನ್ನು ಮೇಲಿನಿಂದ ಕೆಳಗೆ ಓದಿದೆ, ಕೆಳಗಿನಿಂದ ಮೇಲಕ್ಕೆ ಓದಿದೆ. ಆ ಸಂಜೆಯೇ ಫೋನ್ ಬಂತು.

"ಕರದ್ರೇನ?"

"ಇಲ್ಲ."

"ಅದರ ಮುಂದಿನ ವರ್ಸ?"

"ಇಲ್ಲ ಮಾವಶಿ. ಮುಗೀತು. ಇನ್ನ ಕರಿಯಂಗಿಲ್ಲ."

ಹಿಂದುಗಡೆ ಸುತ್ತಿಗೆ ಟಕ್ ಟಕ್ ಎನ್ನುತ್ತಿತ್ತು.

"ಹಂಗಾರ ತಮ್ಮಾ..." ಎಂದಳು. ಕುದರಿ ಎನ್ನಲಿಲ್ಲ. "ಇನ್ನ ಸಾಬೂನಿನ ಮಾತ ಹೇಳಬಹುದೇನ? ಸೇಠಗ ಅಷ್ಟ. ಮತ್ತ್ಯಾರಿಗೂ ಬ್ಯಾಡ."

ಅಪ್ಪಣೆ ಕೇಳುತ್ತಿದ್ದಳು. ನನ್ನ ಅಪ್ಪಣೆ.

ನಾನೇನು ಮಾಡಿದೆ ಎಂದು ಇಲ್ಲಿ ಬರೆಯುವುದು ಕಷ್ಟ. ಆ ಹೊತ್ತಿಗೆ ನನಗೆ ಚಿಕ್ಕೋಡಿಯ ಒಂದು ಕಾಲೇಜಿನ ಮೈದಾನ ನೋಡಿಕೊಳ್ಳುವ ಕೆಲಸದ ಮಾತು ನಡೆದಿತ್ತು. ಜನ ನನ್ನನ್ನು ಕಂಡರೆ, "ಪಾಪ, ರಣಜಿ ಆಡಿದಾಂವ, ಬೂಟ ಕೈಕೊಡ್ತು" ಎನ್ನುತ್ತಿದ್ದರು. ಆ ಪಾಪ ಎಂಬ ಮಾತೊಂದೇ ನನ್ನ ಹತ್ತಿರ ಉಳಿದಿತ್ತು. ಅದೂ ಹೋದರೆ ನಾನು ಬರೀ ಬಿದ್ದವನು. "ಹಲೋ, ಹಲೋ ಮಾವಶಿ, ಕೇಳಸವಲ್ದು" ಎಂದೆ. ಆಕೆಯ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. "ಇರಲಿ ಬಿಡೋ, ಇರಲಿ ಬಿಡು" ಎನ್ನುತ್ತಿದ್ದಳು. ಇನ್ನೆರಡು ಸಲ ಹಲೋ ಎಂದು ಫೋನ್ ಇಟ್ಟುಬಿಟ್ಟೆ.

ಆಮೇಲೆ ಆಕೆ ಕೇಳಲಿಲ್ಲ. ಫೋನನ್ನೂ ಮಾಡಲಿಲ್ಲ. ನಾನು ಎರಡು ಸಲ ಅಥಣಿ ಬಸ್ಸು ಹತ್ತಿದೆ. ಎರಡೂ ಸಲ ಓಣಿಯ ಬಾಯಿಯವರೆಗೆ ಹೋಗಿ, ಸುತ್ತಿಗೆಯ ಸದ್ದು ಕೇಳಿ, ವಾಪಸ್ಸು ಬಂದೆ. ಮೂರನೆಯ ಸಲ ಹೋದಾಗ ಸದ್ದು ಇರಲಿಲ್ಲ. ಮನೆಯ ಮುಂದೆ ನಾಲ್ಕು ಜನ ಹೆಂಗಸರು ಕೂತಿದ್ದರು. ಮಾವಶಿ ತೀರಿಕೊಂಡು ಐದು ದಿನವಾಗಿತ್ತು. ಮಳೆಗಾಲದ ಜ್ವರ, ಮೂರೇ ದಿನ ಮಲಗಿದ್ದಳಂತೆ. ನನಗೆ ಯಾರು ಹೇಳಬೇಕು? ಹೇಳಬೇಕಾದವನೇನೂ ಆಗಿರಲಿಲ್ಲ ನಾನು.

ಬಂದ ಹೆಂಗಸರು ಎದ್ದು ಹೋದ ಮೇಲೆ ಸೊಸೆಯ ಮುಂದೆ ಎಲ್ಲ ಹೇಳಿದೆ. ಬಿಳಿ ಬಣ್ಣ, ಬಿಸಿ ನೀರು, ಬ್ರಷ್ಷು, ಗಾಳಿ ಯಂತ್ರ, ಕಟ್ ಎಂದ ಸದ್ದು. ಫೋನಿನ ಮಾತನ್ನೂ ಹೇಳಿದೆ. ಅವಳು ಅಳುತ್ತಾಳೆ, ಇಲ್ಲವೆ ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡನ್ನೂ ಮಾಡಲಿಲ್ಲ. ಎದ್ದುಹೋಗಿ ಅಟ್ಟದ ಮೇಲಿನಿಂದ ಆ ಬೂಟು ತಂದಳು. ಮೂಗಿಗೆ ಹಿಡಿದಳು. ಇಷ್ಟು ದಿನ ಅದನ್ನು ಅತ್ತೆ ಯಾರ ಕೈಗೂ ಕೊಟ್ಟಿರಲಿಲ್ಲವಂತೆ.

"ಆ ವರ್ಸೆಲ್ಲಾ ನಾ ಆಕಿಗೆ ಅಂದೇನ್ರಿ," ಎಂದಳು. "ಉಣ್ಣಾಕ ಕುಂತಾಗೆಲ್ಲಾ ಅಂದೇನಿ. ನಿನ್ನ ಸಡ್ಲ ಕೈಗೆ ನಮ್ಮ ಮನಿ ಹಿಂಗಾತಂತ. ಒಂದ ಮಾತ ಆಡಲಿಲ್ರಿ ಆಕಿ."

ಕ್ಷಮಿಸು ತಂಗಿ ಎಂದೆ.

"ನನ್ನ ಮುಂದ ಹೇಳಿ ಏನ ಮಾಡ್ತೀರಿ ಅಣ್ಣಾರ? ಗ್ವಾಡಿ ನಾಕ ಅದಾವ, ನಾ ಒಬ್ಬಾಕಿ. ಅವತ್ತ ಹೆಂಗ ಎಲ್ಲಾರ ಮುಂದ ಹೇಳಿದ್ರೆಲ್ಲಾ, ಇದನ್ನೂ ಹಂಗ ಹೇಳ್ರಿ. ಆಮ್ಯಾಲ ಬರ್ರಿ."

ಇದಾಗಿ ನಾಲ್ಕು ವರ್ಷ. ನಾನು ಇನ್ನೂ ಆ ಮನೆಗೆ ಹೋಗಿಲ್ಲ. ಕಾಲೇಜಿನ ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಇದನ್ನು ಮುಗಿಸಲು ನನಗೆ ಬಹಳ ದಿನ ಹಿಡಿಯಿತು. ಕಾಲಿಗೆ ಆಕೆ ಕಳಿಸಿದ ಚಪ್ಪಲಿ ಇದೆ. ದಿನಾ ಮೈದಾನದಲ್ಲಿ ಅದರಲ್ಲೇ ತಿರುಗುತ್ತೇನೆ, ಎಂಟು ದಿನಕ್ಕೊಮ್ಮೆ ಎಣ್ಣೆ ಹಚ್ಚುತ್ತೇನೆ. ಒಂದು ಹೊಲಿಗೆ ಬಿಚ್ಚಿಲ್ಲ.

ಅವತ್ತಿನ ಆ ಮಾತನ್ನು ಫೋನಿನಲ್ಲಿ ನೋಡಿದವರು, ನಕ್ಕವರು, ಮುಂದೆ ಕಳಿಸಿದವರು ಇದನ್ನೂ ಓದಬೇಕು. ನಿಪ್ಪಾಣಿಯ ಸೇಠರು ಓದಬೇಕು. ಅಥಣಿಯ ಮಾವಶಿ ದಾರವನ್ನು ಬಿಗಿಯಾಗಿಯೇ ಎಳೆದಿದ್ದಳು. ಅದಕ್ಕೆ ಸಾಬೂನು ಹಚ್ಚಿದವನು ನಾನು.